ಸಿಡಿಲಿಗೆ ಪ್ಲಗ್ ತೆಗೆದರೂ ನೆಟ್ ಇರಬೇಕು

ಪತ್ತನಾಜೆ, ಅಂದರೆ ಮೇ ಕೊನೆಯ ಹೊತ್ತಿನ ತುಳುವರ ದಿನ, ಹತ್ತಿರ ಬಂತು ಅಂದರೆ ನಮ್ಮ ಕಡೆ ಸಂಜೆ ಹೊತ್ತಿಗೆ ಗುಡುಗು ಗ್ಯಾರಂಟಿ. ಗುಡುಗು ಕೇಳಿದ ಕೂಡಲೇ ಉಡುಪಿ ಸೀಮೆಯ ಮನೆಗಳಲ್ಲಿ ಮೊದಲು ಆಗುವ ಕೆಲಸ ಪ್ಲಗ್ ಎಳೆಯುವುದು. ಟಿವಿ, ಫ್ರಿಜ್, ಮಿಕ್ಸಿ, ಇನ್ವರ್ಟರ್, ಕೊನೆಗೆ ನೆಟ್‌ನ ಬಾಕ್ಸು. ಪರ್ಕಳದ ನಮ್ಮ ಮನೆಯಲ್ಲಿ ಈ ಇಲಾಖೆ ಅಮ್ಮನದ್ದು. "ಅದರದ್ದೂ ತೆಗಿ ಮಾರಾಯಾ, ಸುಟ್ಟು ಹೋದ ಮೇಲೆ ಎಂತ ಮಾಡ್ತಿ?" ಅಮ್ಮ ಹೇಳುವುದು ಸರಿಯೇ. ಆದರೆ ನಾನು ಮನೆಯಿಂದ ಕೆಲಸ ಮಾಡುವವನು, ನನ್ನ ಮೀಟಿಂಗುಗಳೆಲ್ಲ ಸಂಜೆಯೇ.

ಹಾಗಾಗಿ ನನಗೆ ಬೇಕಾದದ್ದು ಗೋಡೆಯಿಂದ ಪ್ಲಗ್ ತೆಗೆದರೂ ಓಡುವ ರೌಟರ್, ಅಂದರೆ ನೆಟ್ಟನ್ನು ಮನೆಯೆಲ್ಲ ಹಂಚುವ ಡಬ್ಬಿ. ಕರೆಂಟು ಕಡಿಮೆ ತಿನ್ನಬೇಕು ಅನ್ನುವುದು ಬಿಲ್ಲಿನ ಲೆಕ್ಕವಲ್ಲ, ಬ್ಯಾಟರಿಯ ಲೆಕ್ಕ.

ಹಳೇ ಡೆಸ್ಕ್‌ಟಾಪನ್ನೇ ರೌಟರ್ ಮಾಡಬಹುದು ಅಂತ ತುಂಬಾ ಜನ ಹೇಳುತ್ತಾರೆ. ಮಾಡಬಹುದು. ಆದರೆ ಅದು ಸುಮ್ನೆ ಕೂತಲ್ಲೇ 45 ವ್ಯಾಟ್ ತಿಂದರೆ ವರ್ಷಕ್ಕೆ 394 ಯೂನಿಟ್ ಆಯಿತು. ಸಣ್ಣ ಬ್ಯಾಟರಿಯಲ್ಲಂತೂ ಒಂದು ಗಂಟೆ ನಿಲ್ಲುವುದೂ ಕಷ್ಟ. ನಾನು ತಂದದ್ದು ಪಿಸಿ ಎಂಜಿನ್ಸ್ ಎಂಬ ಸ್ವಿಸ್ ಕಂಪನಿಯ ಎಪಿಯು2 ಬೋರ್ಡು, ಅಂದರೆ ಒಂದು ಪುಟ್ಟ ಕಂಪ್ಯೂಟರು, ಸೆಕೆಂಡ್ ಹ್ಯಾಂಡ್. ಈಗ ಅದರ ತಯಾರಿಕೆ ನಿಂತಿದೆ. 1 ಗಿಗಾಹರ್ಟ್ಸ್‌ನ ನಾಲ್ಕು ಕೋರ್ ಎಎಂಡಿ ಪ್ರೊಸೆಸರ್, ಗಿಗಾಬಿಟ್ ಪೋರ್ಟುಗಳು, ವೈಫೈ ಕಾರ್ಡಿಗೆ ಮಿನಿ ಪಿಸಿಐಇ ಜಾಗ. ಫ್ಯಾನ್ ಇಲ್ಲ. ಪ್ರೊಸೆಸರಿನ ಬಿಸಿ ಅಲ್ಯೂಮಿನಿಯಂ ಡಬ್ಬಿಗೇ ಹೋಗುತ್ತದೆ. ನಮ್ಮ ಊರಿನ ಗಾಳಿಗೆ ಇದು ದೊಡ್ಡ ಉಪಕಾರ. ಫ್ಯಾನ್ ಇದ್ದರೆ ಮಳೆಗಾಲದ ಥಂಡಿಯನ್ನೆಲ್ಲ ಒಳಗೆ ಎಳೆದು ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ಮಾನಿಟರ್ ಹಾಕಲು ಪೋರ್ಟೇ ಇಲ್ಲ, ಬೇರೆ ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ ಎಳೆದು ನೋಡಬೇಕು, ವೇಗ 115200 ಬಾಡ್. ಕಾರ್ಡು ಸೇರಿ 7 ವ್ಯಾಟ್ ಆಸುಪಾಸು.

ಎಲ್ಲಕ್ಕಿಂತ ಮುಖ್ಯ, ಅದು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಫೈಬರ್‌ನವರು ಕೊಟ್ಟ ನಮ್ಮ ಬಾಕ್ಸೂ 12 ವೋಲ್ಟ್. ಹಾಗಿರುವಾಗ ಬ್ಯಾಟರಿಯ ಡಿಸಿಯನ್ನು ಇನ್ವರ್ಟರಿನಲ್ಲಿ 230 ವೋಲ್ಟ್ ಎಸಿ ಮಾಡಿ, ಅಡಾಪ್ಟರಿನಲ್ಲಿ ಪುನಃ ಡಿಸಿ ಮಾಡುವುದು ಯಾಕೆ? ಎರಡು ಕಡೆಯೂ ಸೋರಿಕೆ. 12 ವೋಲ್ಟ್, 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಒಂದು, ಅದಕ್ಕೆ 13.8 ವೋಲ್ಟಿನ ಚಾರ್ಜರ್. ಚಾರ್ಜ್ ಆಗುವಾಗ ವೋಲ್ಟೇಜ್ ಮೇಲೆ, ಖಾಲಿಯಾಗುವಾಗ ಕೆಳಗೆ ಹೋಗುತ್ತದೆ ಅಲ್ವಾ? ಅದಕ್ಕಾಗಿ ನಡುವೆ ಒಂದು ಕನ್ವರ್ಟರ್, ಹೇಗಿದ್ದರೂ 12 ವೋಲ್ಟನ್ನೇ ಕೊಡುವಂಥದ್ದು. ಬ್ಯಾಟರಿಯ ಪ್ಲಸ್ ಕಡ್ಡಿಯ ಪಕ್ಕದಲ್ಲೇ ಫ್ಯೂಸ್ ಬೇಕೇ ಬೇಕು, ಇದರಲ್ಲಿ ಉಡಾಫೆ ಬೇಡ.

ಲೆಕ್ಕ ಹೀಗೆ: 12 ಗುಣಿಸು 7, ಅಂದರೆ 84 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕೇ ನಿಲ್ಲಿಸುವುದು ಒಳ್ಳೆಯದು, 42. ಬೋರ್ಡಿಗೆ 7, ಫೈಬರ್ ಬಾಕ್ಸಿಗೆ 5, ಒಟ್ಟು 12 ವ್ಯಾಟ್. ಕನ್ವರ್ಟರ್ ತಿನ್ನುವುದನ್ನು ಕಳೆದರೂ ಮೂರು ಗಂಟೆ ಸಿಗುತ್ತದೆ. ಗುಡುಗು ಬಂತು, ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಕರೆ ಕಡಿಯುವುದಿಲ್ಲ.

ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲಿನ ಪಕ್ಕದಲ್ಲಿ ಎಷ್ಟೋ ಸಲ ಒಂದು ಉಕ್ಕಿನ ತಂತಿ ಇರುತ್ತದೆ, ಜೋತು ಬೀಳದಿರಲಿ ಅಂತ. ಅದನ್ನು ಗೋಡೆಯ ಹೊರಗೇ ಮುಗಿಸಬೇಕು. ಕನೆಕ್ಷನ್ ಕೊಡಲು ಬಂದ ಹುಡುಗ "ಇದೆಲ್ಲ ಯಾರೂ ನೋಡುದಿಲ್ಲ ಅಣ್ಣ" ಎಂದ. ನೀವು ನೋಡಿ, ಆ ತಂತಿಯನ್ನು ಹೊರಗೇ ಬಿಡಿಸಿಕೊಳ್ಳಿ. ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ (ಬಾಕ್ಸು ನೆಟ್ಟನ್ನು ಬರೀ ದಾಟಿಸುತ್ತದೆ, ಲಾಗಿನ್ ನಮ್ಮ ರೌಟರಿನದ್ದು) ಹಾಕಿಸಿ ಲಾಗಿನ್ ವಿವರ ಕೇಳಿ ಇಟ್ಟುಕೊಳ್ಳುವುದೂ ಆಗಲೇ ಆಗಲಿ.

ವೈಫೈಗೆ ಹಾಕಿದ್ದು ಅಥೆರೋಸ್ ಚಿಪ್ಪಿನ ಹಳೇ 11ಎನ್ ತಲೆಮಾರಿನ ಕಾರ್ಡು. ಯುಎಸ್‌ಬಿ ಡಾಂಗಲ್ ಬೇಡ, ಆಕ್ಸೆಸ್ ಪಾಯಿಂಟ್ ಕೆಲಸಕ್ಕೆ, ಅಂದರೆ ಬೇರೆಯವರಿಗೆ ವೈಫೈ ಹಂಚಲಿಕ್ಕೆ, ಅವು ನಂಬಿಕೆಗೆ ಬರುವುದಿಲ್ಲ. 5 ಗಿಗಾಹರ್ಟ್ಸ್ ಇಲ್ಲವಾ ಅಂತ ಕೇಳುವವರು ನಮ್ಮ ಮನೆಯ ಗೋಡೆ ನೋಡಬೇಕು. ಗೇಣುದ್ದ ದಪ್ಪದ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಆಷಾಢದಲ್ಲಿ ನೀರು ಕುಡಿದು ನಿಂತಾಗ ಪಕ್ಕದ ಕೋಣೆಗೇ 5ರ ಸಿಗ್ನಲ್ ದಾಟುವುದಿಲ್ಲ. 2.4 ಹೇಗೋ ನುಸುಳುತ್ತದೆ. ಡಬ್ಬಿಯನ್ನು ಅಟ್ಟದಲ್ಲಿ ಇಟ್ಟಿದ್ದೇನೆ. ಸಿಗ್ನಲ್ ಮುರಕಲ್ಲು ಬಿಟ್ಟು ಮರದ ಹಲಗೆಗಳ ಮೂಲಕ ಚಾವಡಿಗೂ ಅಡುಗೆ ಕೋಣೆಗೂ ಇಳಿಯುತ್ತದೆ. ಸೆಟ್ಟಿಂಗಿನಲ್ಲಿ ಹಾಕಿದ್ದು ಚಾನೆಲ್ 1, 6, 11ರಲ್ಲಿ ಖಾಲಿ ಇದ್ದದ್ದು, 20 ಮೆಗಾಹರ್ಟ್ಸ್ ಅಗಲ, ದೇಶ ಭಾರತ. ನನ್ನ 40 ಎಂಬಿಪಿಎಸ್ ಪ್ಲಾನಿಗೆ ಇಷ್ಟು ಧಾರಾಳ.

ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ, ರೌಟರಿಗೆಂದೇ ಇರುವಂಥದ್ದು. ಅದರ ಮೂಲ ವ್ಯವಸ್ಥೆ ಓಡುವಾಗ ಬರೀ ಓದುವಂಥದ್ದು, ಅದರ ಮೇಲೆ ಏನೂ ಬರೆಯುವುದಿಲ್ಲ, ಲಾಗೆಲ್ಲ ರ‍್ಯಾಮಿನಲ್ಲೇ ಇರುತ್ತದೆ. ಬ್ಯಾಟರಿ ಮುಗಿದು ಥಟ್ಟನೆ ಆರಿದರೂ ಮತ್ತೆ ಸರಿಯಾಗಿ ಏಳುತ್ತದೆ.

ಬರೀ ನೆಟ್ ನಿಲ್ಲಬಾರದು ಅನ್ನುವವರಿಗೆ ಇಷ್ಟೆಲ್ಲ ಬೇಡ. ಈಗಿರುವ ಬಾಕ್ಸಿಗೇ ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಮಿನಿ ಯುಪಿಎಸ್ ಸಾಕು. ಪಕ್ಕದ ಮನೆಯವರಿಗೆ ನಾನು ಹೇಳಿದ್ದೂ ಅದನ್ನೇ. ನನಗೆ ಅಪ್‌ಡೇಟ್ ನನ್ನ ಕೈಯಲ್ಲಿರಬೇಕಿತ್ತು, ಬಂದ ನೆಂಟರ ಫೋನುಗಳಿಗೆ ಬೇರೆ ವೈಫೈ ಬೇಕಿತ್ತು. ಬ್ಯಾಟರಿ ಮುದಿಯಾದಾಗ ಲಿಥಿಯಂ ಐರನ್ ಫಾಸ್ಫೇಟ್ ಹಾಕುವ ಆಲೋಚನೆ ಉಂಟು. ಅದರಲ್ಲಿ ಅರ್ಧಕ್ಕೇ ನಿಲ್ಲಿಸುವ ಕಟ್ಟುಪಾಡು ಇಲ್ಲ. ಆದರೆ ಅದಕ್ಕೆಂದೇ ಇರುವ ಬೇರೆ ಚಾರ್ಜರ್ ಬೇಕಾಗುತ್ತದೆ.