ಗೌರಿಯ ನರಳು

ಸೋಮವಾರ ಬೆಳಿಗ್ಗೆ 8 ಲೀಟರ್ ಹಾಲು ಕೊಟ್ಟಿದ್ದ ನಮ್ಮ ಹಸು ಗೌರಿ ಮಂಗಳವಾರ 3ಕ್ಕೆ ಇಳಿದಳು. ಹಿಂಡಿ ಮೂಸಿ ಮುಖ ತಿರುಗಿಸಿದಳು, ಮೆಲುಕೂ ಇಲ್ಲ. ಅಜೀರ್ಣ ಇರಬೇಕು ಅಂತ ಅತ್ತೆ ಶುಂಠಿ, ಬೆಲ್ಲ ಕುಟ್ಟಿ ತಿನ್ನಿಸಿದರು. ನನಗೆ ಮಾತ್ರ ಅವಳು ನಿಂತಿದ್ದ ರೀತಿ ಸರಿಕಾಣಲಿಲ್ಲ. ಬೆನ್ನು ಬಾಗಿಸಿಕೊಂಡು, ಮುಂಗಾಲಿನ ಮೊಣಕೈ ಎದೆಯಿಂದ ಹೊರಕ್ಕೆ ಚಾಚಿಕೊಂಡು ನಿಂತಿದ್ದಳು. ನೀರಿನ ತೊಟ್ಟಿಗೆ ಹೋಗುವ ಸಣ್ಣ ಇಳಿಜಾರಿನಲ್ಲಿ ಹೆಜ್ಜೆಯನ್ನೇ ಎತ್ತಿಡಲಿಲ್ಲ.

ಈ ನಿಲುವನ್ನು ಮೂರು ವರ್ಷದ ಹಿಂದೆ ಇನ್ನೊಂದು ಹಸುವಿನಲ್ಲೂ ನೋಡಿದ್ದೆ, ಆಗ ಅರ್ಥವಾಗಿರಲಿಲ್ಲ. ಆ ಹಸುವಿಗೆ ಹದಿನೈದು ದಿನ ಅಜೀರ್ಣದ ಔಷಧಿಯನ್ನೇ ಕುಡಿಸಿದ್ದೆವು. ಕತ್ತಿನ ಕೆಳಗಿನ ಗಂಗೆದೊಗಲು ನೀರು ತುಂಬಿ ಜೋತುಬಿತ್ತು, ಕತ್ತಿನ ರಕ್ತನಾಳ ಹಗ್ಗದ ಹಾಗೆ ಉಬ್ಬಿತು. ಸತ್ತ ಮೇಲೆ ಕೊಯ್ದು ನೋಡಿದರೆ ಹೃದಯದ ಪೊರೆಯೊಳಗೆ ಬರೀ ಕೀವು, ಅದರಲ್ಲಿ ಬೆರಳುದ್ದದ ತಂತಿ.

ಈ ಸಲ ಬಂದ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಅಕ್ಕಾ, ಇಲ್ಲೆಲ್ಲಾದರೂ ಮನೆ ಕೆಲಸ ನಡೀತಿದೆಯಾ?" ನಮ್ಮದೇ ನಡೀತಿತ್ತು. ಕಂಬಿ ಕಟ್ಟುವವರು ಬಣವೆ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದರು. ಮೇವು ಕತ್ತರಿಸುವ ಮಿಷನ್ನಿಗೆ ಹುಲ್ಲಿನ ಜೊತೆ ಬೈಂಡಿಂಗ್ ವೈರೂ ಹೋಗಿರಬೇಕು. ದನ ಆರಿಸಿ ತಿನ್ನಲ್ಲ, ನಾಲಿಗೆಯಲ್ಲಿ ಬಾಚಿ ನುಂಗುತ್ತೆ. ಕಬ್ಬಿಣದ ಚೂರು ಜೇನುಹುಟ್ಟಿನಂಥ ಎರಡನೇ ಹೊಟ್ಟೆಯಲ್ಲಿ ಕೂತು, ಆ ಹೊಟ್ಟೆ ಹಿಂಡಿಕೊಂಡಾಗಲೆಲ್ಲ ಚುಚ್ಚುತ್ತೆ. ಅದರ ಮುಂದೆ ಹೊಟ್ಟೆಗೂ ಎದೆಗೂ ನಡುವಿನ ಪರದೆಯಾದ ವಪೆ, ವಪೆಯಾಚೆಗೇ ಹೃದಯ.

ಜ್ವರ 103.4 ಡಿಗ್ರಿ ಇತ್ತು. ಡಾಕ್ಟರಮ್ಮ ಹೆಗಲ ಮೇಲಿನ ಚರ್ಮವನ್ನು ಗಟ್ಟಿಯಾಗಿ ಹಿಂಡಿದರು. ನೋವಿಲ್ಲದ ಹಸು ಬೆನ್ನು ತಗ್ಗಿಸುತ್ತೆ. ಪಕ್ಕದ ಕಡಸು ತಗ್ಗಿಸಿತು, ಗೌರಿ ಬಿಗಿಹಿಡಿದೇ ನಿಂತಳು. ಆಮೇಲೆ ಎದೆಮೂಳೆಯ ಹಿಂತುದಿಯ ಕೆಳಗೆ ಗಳ ತೂರಿಸಿ ನಾನೂ ಮೈದುನನೂ ಆಚೆ ಈಚೆ ಹಿಡಿದು ಎತ್ತಿ, ತಟ್ಟನೆ ಇಳಿಸಿದೆವು. ಡಾಕ್ಟರಮ್ಮ ಸ್ಟೆತಾಸ್ಕೋಪನ್ನು ಗಂಟಲ ಕೊಳವೆಗೆ ಇಟ್ಟಿದ್ದರು. ಇನ್ನೊಂದು ಸಲ ಎತ್ತುವಾಗ ಗಳವನ್ನು ನಮ್ಮವರಿಗೆ ಕೊಡಿಸಿ, ನನ್ನ ಕಿವಿಗೆ ಹಾಕಿದರು. ಬಾಯಿ ಮುಚ್ಚಿಕೊಂಡೇ ನಿಂತಿದ್ದ ಗೌರಿಯ ಗಂಟಲೊಳಗೆ "ಹ್ಞುಂ" ಅನ್ನುವ ನರಳು. ನನ್ನ ಕಣ್ಣು ತುಂಬಿತು. ಹೋದ ಸಲದ ಹಸುವೂ ಹೀಗೇ ನರಳಿರಬೇಕು, ಯಾರೂ ಕಿವಿ ಕೊಟ್ಟಿರಲಿಲ್ಲ.

ಕಬ್ಬಿಣದ ಚೂರನ್ನು ಹಿಡಿದಿಡಲಿ ಅಂತ ಬೆರಳು ಗಾತ್ರದ ಅಯಸ್ಕಾಂತವನ್ನು ಗಂಟಲಿಗೆ ಇಳಿಸಿದರು. 5 ದಿನ ಇಂಜೆಕ್ಷನ್, ಮುಂಗಾಲು ಎತ್ತರದಲ್ಲಿರುವಂತೆ ಹಲಗೆ. ಇದಕ್ಕೆ ಬಗ್ಗದಿದ್ದರೆ ಎಡಪಕ್ಕೆ ಕೊಯ್ದು, ಕೈಹಾಕಿ ತೆಗೆಯಬೇಕಾಗುತ್ತೆ ಅಂದರು. ವರ್ಷ ತುಂಬಿದ ಕಡಸಿಗೂ ಅವತ್ತೇ ಒಂದು ಅಯಸ್ಕಾಂತ ನುಂಗಿಸಿದೆವು.

ನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಗೌರಿ ಮೆಲುಕು ಹಾಕುತ್ತಿದ್ದಳು. ಕೊಟ್ಟಿಗೆ ಬಾಗಿಲಲ್ಲೇ ಕೂತು ಎಣಿಸಿದೆ. ಒಂದು ಉಂಡೆಗೆ ಐವತ್ತೆರಡು ಸಲ ಅಗಿದಳು.