ಮೊದಲು ನಿಲ್ಲುವ ಜಾಗ, ಆಮೇಲೆ ಹೆಜ್ಜೆ

ಕಾರ್ಯಕ್ರಮ ಮುಗಿದು, ಮಕ್ಕಳ ಮುಖದ ಬಣ್ಣ ಒರೆಸಿ, ಪರಕಾರಗಳನ್ನು (ಲಂಗಗಳನ್ನು) ಎಣಿಸಿ ಗಂಟು ಕಟ್ಟುತ್ತಿರುವ ಹೊತ್ತಿಗೆ ಯಾರಾದರೊಬ್ಬ ತಾಯಿ ಹತ್ತಿರ ಬಂದು ನಿಂತು ಕೇಳುತ್ತಾರೆ: “ಅಕ್ಕೋರ, ಇಷ್ಟ ಸಣ್ಣ ಹುಡುಗ್ರಿಗೆ ಹತ್ತ-ಹನ್ನೆರಡ ದಿನದಾಗ ಕುಣಿಯೂದು ಹೆಂಗ ಕಲಸ್ತೀರಿ? ಮನ್ಯಾಗ ಒಂದ ಕಡೆ ಕುಂದ್ರೂದಿಲ್ಲ ಇವು.” ಧಾರವಾಡದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇದೇ ಪ್ರಶ್ನೆ, ನವಲಗುಂದ, ಕುಂದಗೋಳದ ಕಡೆಯ ಹಳ್ಳಿ ಶಾಲೆಗಳಿಗೆ ಹೋದರೂ ಇದೇ ಪ್ರಶ್ನೆ. ರಾಜ್ಯೋತ್ಸವ, ಗೌರಿ ಹುಣ್ಣಿಮೆ, ಕ್ರಿಸ್‌ಮಸ್, ಸಂಕ್ರಾಂತಿ, ಆಮೇಲೆ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಎಂದು ನವೆಂಬರಿನಿಂದ ಫೆಬ್ರುವರಿಯವರೆಗೆ ನನ್ನ ಸಂಜೆಗಳೆಲ್ಲ ಈ ಮಕ್ಕಳ ಜೊತೆಗೇ ಕಳೆಯುತ್ತವೆ. ಈಚೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರೂ ಇದನ್ನೇ ಕೇಳತೊಡಗಿರುವುದರಿಂದ, ನಿಂತಲ್ಲೇ ನಾಲ್ಕು ಮಾತು ಹೇಳಿ ಮುಗಿಸುವ ಬದಲು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಐದಾರು ವರ್ಷದ ಮಕ್ಕಳು ಹೆಜ್ಜೆಯನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ತಾವು ಎಲ್ಲಿ ನಿಲ್ಲಬೇಕೆಂಬುದನ್ನು ಮರೆಯುತ್ತಾರೆ. ಜಾಗ ತಪ್ಪಿದ ಮಗು ಗಾಬರಿಯಾಗುತ್ತದೆ, ಗಾಬರಿಯಾದ ಮೇಲೆ ಬರುವ ಹೆಜ್ಜೆಯೂ ಬರದಂತಾಗುತ್ತದೆ, ಎದುರು ಕುಳಿತವರು ಅದಕ್ಕೆ ಕುಣಿಯಲು ಬರುವುದಿಲ್ಲವೆಂದು ತಿಳಿದುಕೊಳ್ಳುತ್ತಾರೆ. ಆದ್ದರಿಂದ ನಾನು ಮೊದಲು ಜಾಗಗಳನ್ನು ಕಟ್ಟುತ್ತೇನೆ, ಹೆಜ್ಜೆಯನ್ನು ಆಮೇಲೆ ಕೂಡಿಸುತ್ತೇನೆ. ತಾಯಂದಿರು ಕೇಳುವ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇಷ್ಟರಲ್ಲೇ ಇದೆ.

ಇದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ಬಹಳ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ ಹದಿನೈದು ದಿನ ತಾಲೀಮು ಕೊಟ್ಟಿದ್ದೆ. ಎಡ-ಬಲ ತಿಳಿಯದ ಮಕ್ಕಳಿಗೆ “ಕಪಾಟಿನ ಕಡೆ ಹೊರಳ್ರಿ, ಕಿಟಕಿ ಕಡೆ ಹೊರಳ್ರಿ” ಎಂದು ಹೇಳಿಕೊಟ್ಟಿದ್ದೆ, ಅವರು ಗಡಿಯಾರದಂತೆ ಹೊರಳುತ್ತಿದ್ದರು. ಕಾರ್ಯಕ್ರಮದ ದಿನ ಬಯಲಿನಲ್ಲಿ ಪೆಂಡಾಲು ಹಾಕಿ ಹಲಗೆಯ ವೇದಿಕೆ ಕಟ್ಟಿದ್ದರು. ಅಲ್ಲಿ ಕಪಾಟೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಹಾಡು ಶುರುವಾಗಿ ಮೊದಲ ಹೊರಳು ಬಂದಾಗ ಅರ್ಧ ಮಕ್ಕಳು ಒಂದು ಕಡೆಗೆ, ಇನ್ನರ್ಧ ಮಕ್ಕಳು ಇನ್ನೊಂದು ಕಡೆಗೆ ತಿರುಗಿ ಒಬ್ಬರ ಹಣೆ ಒಬ್ಬರಿಗೆ ಬಡಿಯಿತು. ಮೂರನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಎಲ್ಲಿಗೂ ಹೊರಳದೆ, ಕೈಯೆತ್ತಿದವಳು ಎತ್ತಿದಂತೆಯೇ, ಪರದೆಯ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡುತ್ತ ನಿಂತುಬಿಟ್ಟಳು. ಆ ಮಗುವಿನ ಕಣ್ಣಿನಲ್ಲಿ ಇದ್ದದ್ದು ಕಪಾಟು ಎಲ್ಲಿ ಎಂಬ ಪ್ರಶ್ನೆಯೇ. ತಪ್ಪು ಪೂರ್ತಿ ನನ್ನದಾಗಿತ್ತು. ಮಕ್ಕಳು ನಾನು ಹೇಳಿದ್ದನ್ನೇ ಹುಡುಕುತ್ತಿದ್ದರು.

ಅಂದಿನಿಂದ ಕೋಣೆಯ ಗುರುತುಗಳನ್ನು ಬಿಟ್ಟು, ಮಕ್ಕಳು ತಮ್ಮ ಜೊತೆಗೇ ಒಯ್ಯಬಹುದಾದ ಗುರುತುಗಳನ್ನು ಹಿಡಿದಿದ್ದೇನೆ. ಬಲಗೈಗೆ “ಉಣ್ಣುವ ಕೈ” ಎನ್ನುತ್ತೇನೆ, ಮೊದಲ ವಾರ ಆ ಕೈಗೆ ಕೆಂಪು ದಾರ ಕಟ್ಟುತ್ತೇನೆ. ನಿಲ್ಲುವ ಜಾಗಕ್ಕೆ ರಂಗೋಲಿಯ ಚುಕ್ಕಿ. ನಮ್ಮ ಮನೆಗಳ ಅಂಗಳದಲ್ಲಿ ನೇರ ಚುಕ್ಕಿಯ ರಂಗೋಲಿಯೂ ಇದೆ, ಒಂದು ಸಾಲಿನ ಚುಕ್ಕಿ ಇನ್ನೊಂದು ಸಾಲಿನ ಸಂದಿಗೆ ಬರುವ ಸಂದು ಚುಕ್ಕಿಯ ರಂಗೋಲಿಯೂ ಇದೆ. ಮಕ್ಕಳನ್ನು ನೇರ ಚುಕ್ಕಿಯಂತೆ ನಿಲ್ಲಿಸಿದರೆ ಮುಂದಿನವರ ತಲೆಯ ಹಿಂದೆ ಹಿಂದಿನವರು ಮುಚ್ಚಿಹೋಗುತ್ತಾರೆ. ಸಂದು ಚುಕ್ಕಿಯಂತೆ ನಿಲ್ಲಿಸಿದರೆ ಎಲ್ಲರ ಮುಖವೂ ಕಾಣುತ್ತದೆ. ಮೊದಲ ದಿನ ಅಂಗಳದಲ್ಲಿ ಖಡುವಿನಿಂದ (ಸೀಮೆಸುಣ್ಣದಿಂದ) ಚುಕ್ಕಿ ಹಾಕಿ, ಪ್ರತಿ ಮಗುವಿಗೂ ತನ್ನ ಚುಕ್ಕಿ ಯಾವುದೆಂದು ತೋರಿಸಿ, ಸುಮ್ಮನೆ ಓಡಾಡಲು ಬಿಟ್ಟು, ಚಪ್ಪಾಳೆ ಹೊಡೆದ ತಕ್ಷಣ ತಮ್ಮ ತಮ್ಮ ಚುಕ್ಕಿಗೆ ಬಂದು ನಿಲ್ಲುವ ಆಟ ಆಡಿಸುತ್ತೇನೆ. ಎರಡನೆಯ ದಿನ ಅದೇ ಚುಕ್ಕಿಗಳನ್ನು ಅಂಗಳದ ಇನ್ನೊಂದು ಮೂಲೆಯಲ್ಲಿ, ಬೇರೆ ದಿಕ್ಕಿಗೆ ಮುಖ ಮಾಡಿ ಹಾಕುತ್ತೇನೆ. ಮೂರನೆಯ ದಿನ ಅರ್ಧ ಚುಕ್ಕಿಗಳನ್ನು ಅಳಿಸುತ್ತೇನೆ. ಆ ಹೊತ್ತಿಗೆ ಮಗುವಿಗೆ ತನ್ನ ಎಡಬಲದ ಗೆಳೆಯರೇ ಗುರುತಾಗಿರುತ್ತಾರೆ, ಆ ಗುರುತು ಯಾವ ವೇದಿಕೆಗೆ ಹೋದರೂ ಜೊತೆಗೆ ಬರುತ್ತದೆ.

ಹದಿನೆಂಟು ಮಕ್ಕಳಿದ್ದರೆ ಆರು ಆರರ ಮೂರು ಸಾಲು. ಮಗುವಿನಿಂದ ಮಗುವಿಗೆ ಮೂರು ಅಡಿ ಅಂತರ ಬಿಟ್ಟರೆ ಸಾಲು ಹದಿನೈದು ಅಡಿಯಾಗುತ್ತದೆ, ಇಪ್ಪತ್ತು ಅಡಿಯ ವೇದಿಕೆಯಲ್ಲಿ ಕೈ ಚಾಚಲೂ ಜಾಗ ಉಳಿಯುತ್ತದೆ.

ಇನ್ನು ಹಾಡಿನ ಲೆಕ್ಕ. ಸಣ್ಣ ಮಕ್ಕಳು ಸುಖವಾಗಿ ನಡೆಯಬಲ್ಲ ಲಯ ನನ್ನ ಅನುಭವದಲ್ಲಿ ನಿಮಿಷಕ್ಕೆ ಸುಮಾರು 96 ಪೆಟ್ಟು. ಆ ಲಯದಲ್ಲಿ ಎಂಟು ಪೆಟ್ಟಿಗೆ ಸರಿಯಾಗಿ 5 ಸೆಕೆಂಡು; ಈ ಎಂಟು ಪೆಟ್ಟಿನ ಗುಂಪನ್ನೇ “ಒಂದು ಎಂಟು” ಎಂದು ಎಣಿಸುತ್ತೇನೆ. ಒಂದು ಪಲ್ಲವಿ, ಮೂರು ಚರಣಗಳ ಹಾಡನ್ನು ನಾನು 2 ನಿಮಿಷ 40 ಸೆಕೆಂಡಿಗೆ, ಅಂದರೆ 32 ಎಂಟುಗಳಿಗೆ ಹೊಂದಿಸಿಕೊಳ್ಳುತ್ತೇನೆ. ಒಳಗೆ ಬರಲು ನಾಲ್ಕು ಎಂಟು, ಹೊರಗೆ ಹೋಗಲು ನಾಲ್ಕು. ಎರಡು ಎಂಟಿನ ಪಲ್ಲವಿ ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಅದೇ ಕುಣಿತ. ನಾಲ್ಕು ಎಂಟಿನ ಚರಣ ಮೂರು ಸಲ ಬರುತ್ತದೆ, ಮೂರಕ್ಕೂ ಒಂದೇ ಕುಣಿತ. ನಡುವೆ ಎರಡು ಸಲ, ಎರಡೆರಡು ಎಂಟುಗಳ ವಾದ್ಯ ಮಾತ್ರ. ಹೀಗೆ ಕೂಡಿಸಿದರೆ 32 ಎಂಟುಗಳಲ್ಲಿ ಹೆಜ್ಜೆಯೆಂದು ಕಲಿಸಬೇಕಾದದ್ದು ಪಲ್ಲವಿಯ ಎರಡು ಮತ್ತು ಚರಣದ ನಾಲ್ಕು, ಒಟ್ಟು ಆರೇ ಎಂಟು, ಮೂವತ್ತು ಸೆಕೆಂಡಿನ ಕುಣಿತ. ಹತ್ತು ದಿನದಲ್ಲಿ ಹೇಗೆ ಕಲಿಸುತ್ತೀರಿ ಎಂದು ಬೆರಗಾಗುವ ತಾಯಂದಿರಿಗೆ ಈ ಲೆಕ್ಕವನ್ನು ಹೇಳಿದಾಗ ಅವರಿಗೆ ನಂಬಿಕೆಯೇ ಬರುವುದಿಲ್ಲ, ಯಾಕೆಂದರೆ ನೋಡುವಾಗ ಪ್ರತಿ ಚರಣವೂ ಬೇರೆಯಾಗಿ ಕಂಡಿರುತ್ತದೆ.

ಬೇರೆಯಾಗಿ ಕಾಣುವಂತೆ ಮಾಡುವುದು ಆ ವಾದ್ಯದ ಎರಡು ಎಂಟುಗಳು. ಆಗ ಮುಂದಿನ ಸಾಲಿನ ಆರು ಮಕ್ಕಳಲ್ಲಿ ಮೂವರು ಎಡಕ್ಕೆ, ಮೂವರು ಬಲಕ್ಕೆ ಹೊರಳಿ, ಸಾಲುಗಳ ಹೊರಗಿನಿಂದ ಸುತ್ತಿ ಹದಿನಾರು ಹೆಜ್ಜೆಗಳಲ್ಲಿ ಹಿಂದೆ ಹೋಗಿ ನಿಲ್ಲುತ್ತಾರೆ; ಉಳಿದ ಎರಡು ಸಾಲಿನವರು ನಾಲ್ಕು ಹೆಜ್ಜೆ ಮುಂದೆ ಬಂದು ಚಪ್ಪಾಳೆ ತಟ್ಟುತ್ತಾರೆ. ಮೂರು ಚರಣ, ಮೂರು ಸಾಲು. ಪ್ರತಿ ಸಾಲೂ ಒಮ್ಮೆ ಮುಂದೆ ಬರುತ್ತದೆ. ಚೆನ್ನಾಗಿ ಕುಣಿಯುವವರನ್ನು ಮುಂದೆ, ಉಳಿದವರನ್ನು ಹಿಂದೆ ನಿಲ್ಲಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹೊಲದ ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದ ತಾಯಿಗೆ ತನ್ನ ಮಗಳ ಮುಖ ಇಪ್ಪತ್ತು ಸೆಕೆಂಡಾದರೂ ಅಡ್ಡಿಯಿಲ್ಲದೆ ಕಾಣಬೇಕು.

ಆ ಮೂವತ್ತು ಸೆಕೆಂಡಿನ ಕುಣಿತಕ್ಕೆ ಬೇಕಾದ ಹೆಜ್ಜೆಗಳು ಮಕ್ಕಳ ಆಟದಲ್ಲಿಯೇ ಇವೆ. ಕೆರೆ-ದಡ ಆಡಿದ ಮಗುವಿಗೆ ಎರಡೂ ಕಾಲು ಜೋಡಿಸಿ ಮುಂದೆ ಹಾರಿ ಹಿಂದೆ ಹಾರುವುದನ್ನು ಕಲಿಸಬೇಕಾಗಿಲ್ಲ. ಕುಂಟುವುದು ಎಲ್ಲರಿಗೂ ಗೊತ್ತು. ಪಂಚಮಿಯಲ್ಲಿ ಅಕ್ಕಂದಿರು ಫುಗಡಿ ಆಡುವುದನ್ನು ನೋಡಿದವರು ಕೈಕೈ ಹಿಡಿದು ತಿರುಗಬಲ್ಲರು, ನಿಧಾನವಾಗಿ ತಿರುಗುವಂತೆ ಮಾತ್ರ ಹೇಳಬೇಕು. ನನಗೆ ಅತ್ಯಂತ ಪ್ರೀತಿಯದು ಗೌರಿ ಹುಣ್ಣಿಮೆಯ ಕುಣಿತ. ಕಾರ್ತಿಕದ ಆ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನಿಟ್ಟ ಆರತಿ ಹಿಡಿದು ಗೌರಿಯನ್ನು ಬೆಳಗಲು ಹೋಗುತ್ತಾರೆ. ಆನೆ, ಒಂಟೆ, ತೇರು ಎಂದು ಅಚ್ಚಿನಲ್ಲಿ ಎರೆದ ಬಿಳಿ, ಗುಲಾಬಿ ಬಣ್ಣದ ಗೊಂಬೆಗಳು ಮಕ್ಕಳಿಗೆ ಚಿರಪರಿಚಿತ. ಆ ನಡಿಗೆಯನ್ನೇ ವೇದಿಕೆಗೆ ತಂದರೆ ಅದೇ ನೃತ್ಯ. ತಟ್ಟೆ ಹಿಡಿದ ಮಗುವಿನ ಎರಡೂ ಕೈಗಳಿಗೆ ಕೆಲಸ ಸಿಕ್ಕಿರುವುದರಿಂದ ಕೈಯ ಚಲನೆಯನ್ನು ಕಲಿಸುವ ಅರ್ಧ ಹೊರೆ ತಾನಾಗಿಯೇ ಇಳಿಯುತ್ತದೆ. ತಟ್ಟೆಯನ್ನು ಬೀಳಿಸಬಾರದೆಂಬ ಎಚ್ಚರದಿಂದ ಮಕ್ಕಳ ನಡಿಗೆಗೆ ಬರುವ ಗಂಭೀರತೆಯನ್ನು ಯಾವ ಗುರುವೂ ಹೇಳಿಕೊಡಲಾರರು. ಹಚ್ಚಿದ ದೀಪವನ್ನು ಮಾತ್ರ ನಾನು ಎಂದೂ ಕೊಡುವುದಿಲ್ಲ.

ಗಂಡುಮಕ್ಕಳು ಹಿಂದೇಟು ಹಾಕಿದರೆ ಜಗ್ಗಲಗಿ ನೆರವಿಗೆ ಬರುತ್ತದೆ. ಬಂಡಿಯ ಗಾಲಿಯ ಬಳೆಗೆ ಚರ್ಮ ಬಿಗಿದ ಆ ದೊಡ್ಡ ವಾದ್ಯವನ್ನು ಹೋಳಿಯಲ್ಲಿ ಹುಬ್ಬಳ್ಳಿಯ ಬೀದಿಗಳಲ್ಲಿ ಬಾರಿಸುತ್ತ ಬರುವುದನ್ನು ಅವರೆಲ್ಲ ನೋಡಿರುತ್ತಾರೆ. ಹಳೆಯ ಜರಡಿಯ ಬಳೆಗೆ ದಪ್ಪ ಕಾಗದ ಅಂಟಿಸಿ ಕೈಗೆ ಕೊಟ್ಟರೆ ಸಾಕು, ಒಲ್ಲೆನೆಂದವನೇ ಮೊದಲು ಬಂದು ನಿಲ್ಲುತ್ತಾನೆ.

ಎಣಿಕೆಗೆ “ಒಂದು, ಎರಡು, ಮೂರು” ಎನ್ನುವುದಕ್ಕಿಂತ “ತಕಧಿಮಿ ತಕಜಣು” ಎನ್ನುವುದು ಮೇಲು. ಎರಡು ಎಂಬಲ್ಲಿ ಮೂರಕ್ಷರ ಬಂದು ಲಯ ಎಡವುತ್ತದೆ. ತಕಧಿಮಿ ತಕಜಣುವಿನಲ್ಲಿ ಎಂಟಕ್ಷರಕ್ಕೆ ಎಂಟು ಪೆಟ್ಟು ಸರಿಯಾಗಿ ಕೂಡುತ್ತವೆ, ಬಾಯಿಗೂ ಇಂಪು. ಭಜನೆಗಳಲ್ಲಿ ಕೇಳಿದ ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ, ಕೇರ್ವಾ ತಾಳ ನಮ್ಮ ಮಕ್ಕಳ ಕಿವಿಯಲ್ಲಿ ಮೊದಲೇ ಇರುತ್ತದೆ. ಆರು ಮಾತ್ರೆಯ ದಾದ್ರಾ ಚೆಂದವೇ, ಆದರೆ ಮೂರು ಮೂರು ಪೆಟ್ಟಿಗೆ ಮೊದಲು ಊರುವ ಕಾಲು ಬದಲಾಗುತ್ತ ಹೋಗುವುದರಿಂದ ಮೂರನೆಯ ತರಗತಿಗಿಂತ ಸಣ್ಣವರಿಗೆ ಅದರಲ್ಲಿ ನಡೆಯುವುದು ಕಷ್ಟ. ಕ್ರಿಸ್‌ಮಸ್ ಹಾಡುಗಳಲ್ಲಿ ಹಲವು ಈ ಮೂರರ ನಡೆಯಲ್ಲಿಯೇ ಇವೆ. ಅವುಗಳಿಗೆ ಸಣ್ಣವರನ್ನು ನಡೆಸದೆ, ನಿಂತಲ್ಲೇ ತೂಗಾಡಿಸಿ ಕೈಯ ಚಲನೆ ಕೊಡುತ್ತೇನೆ. ಕಲಿಸುವವರು ಮಕ್ಕಳಿಗೆ ಎದುರಾಗಿ ನಿಂತಾಗ ಕನ್ನಡಿಯಂತೆ ಮಾಡಬೇಕೆಂಬುದನ್ನೂ ಮರೆಯಬಾರದು: ಮಕ್ಕಳ ಉಣ್ಣುವ ಕೈ ಏಳಬೇಕಾದರೆ ನಾವು ನಮ್ಮ ಎಡಗೈ ಎತ್ತಬೇಕು. ಇದು ಅಭ್ಯಾಸವಾಗಲು ನನಗೇ ಒಂದು ವರ್ಷ ಹಿಡಿಯಿತು.

ಸಿನಿಮಾ ಹಾಡು ಬೇಕೆಂದು ಒತ್ತಾಯಿಸುವ ಪಾಲಕರಿಗೆ ನಾನು ಇಲ್ಲವೆಂದೇ ಹೇಳುತ್ತೇನೆ. ಅವುಗಳ ಓಟ ದೊಡ್ಡವರ ಕಾಲಿಗೆ ತಕ್ಕದ್ದು, ಎಷ್ಟೋ ಹಾಡುಗಳ ಮಾತು ಆರು ವರ್ಷದ ಮಗುವಿನ ಬಾಯಲ್ಲಿ ಇರಬೇಕಾದದ್ದಲ್ಲ. ಜಾನಪದಕ್ಕೆಂದೇ 2011ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವಾಗ, ಬೀಸುವ, ಕುಟ್ಟುವ, ಸುಗ್ಗಿಯ ಹಾಡುಗಳು ಇನ್ನೂ ನಮ್ಮ ಅಜ್ಜಿಯರ ನಾಲಗೆಯ ಮೇಲಿರುವಾಗ, ಮಕ್ಕಳ ಕುಣಿತಕ್ಕೆ ಹಾಡಿನ ಬಡತನ ಯಾಕೆ ಬರಬೇಕು? ಅಜ್ಜಿಯೊಬ್ಬರನ್ನು ಶಾಲೆಗೆ ಕರೆದು ಹಾಡಿಸಿದರೆ ಲಯವೂ ಮಕ್ಕಳ ನಡಿಗೆಗೆ ಹೊಂದುವಂತೆಯೇ ಬರುತ್ತದೆ.

ಕೋಲಾಟವನ್ನು ಎಲ್ಲರೂ ಕೇಳುತ್ತಾರೆ, ಅದರಲ್ಲಿ ಎರಡು ತೊಡಕುಗಳಿವೆ. ಜೋಡಿ ಕೂಡಬೇಕಾದ್ದರಿಂದ ಒಂದು ಮಗು ಜ್ವರ ಬಂದು ಮಲಗಿದರೆ ಇನ್ನೊಂದು ಮಗು ಒಂಟಿಯಾಗುತ್ತದೆ. ಅದಕ್ಕಾಗಿ ಇಬ್ಬರು ಮಕ್ಕಳಿಗೆ ಎಲ್ಲ ಜಾಗಗಳನ್ನೂ ಕಲಿಸಿಟ್ಟಿರುತ್ತೇನೆ. ಒಂದು-ಎರಡನೆಯ ತರಗತಿಯವರಿಗೆ ಜೊತೆಗಾರರ ಕೋಲಿಗೆ ಹೊಡೆಯುವುದನ್ನು ಕೊಡುವುದಿಲ್ಲ, ತಮ್ಮವೇ ಎರಡು ಕೋಲುಗಳನ್ನು ತಾಗಿಸಿ, ಬಾಗಿ ನೆಲಕ್ಕೆ ತಟ್ಟಿದರೆ ಸಾಕು. ಕೋಲು ಮಗುವಿನ ಮೊಣಕೈಯಿಂದ ಬೆರಳ ತುದಿಯವರೆಗೆ ಇರಲಿ, ಅದಕ್ಕಿಂತ ಉದ್ದವಾದರೆ ಪಕ್ಕದವರ ಕಣ್ಣಿಗೆ ಅಪಾಯ.

ದಿನಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ತಾಲೀಮು ಬೇಡ. ನಾಲ್ಕನೆಯ ದಿನದಿಂದ ಹೆಜ್ಜೆ, ಏಳನೆಯ ದಿನಕ್ಕೆ ಪೂರ್ತಿ ಹಾಡು, ಕೊನೆಯ ಮೂರು ದಿನ ಹೊಸದೇನೂ ಇಲ್ಲ. ಉಡುಪನ್ನು ಎರಡು ದಿನ ಮುಂಚೆಯೇ ಉಡಿಸಿ ಕುಣಿಸಬೇಕು. ಇಳಕಲ್ ಸೀರೆ ನೋಡಲು ಮುದ್ದಾಗಿರುತ್ತದೆ, ಆದರೆ ಆರು ವರ್ಷದ ಮಗುವಿನ ನಡುವಿನಲ್ಲಿ ಅದು ನಿಲ್ಲುವುದಿಲ್ಲ, ಒಂದು ನಿರಿಗೆ ಜಾರಿದರೆ ಮಗುವಿನ ಮನಸ್ಸೆಲ್ಲ ಅಲ್ಲಿಯೇ. ಖಣದ ಬಟ್ಟೆಯ ಪೋಲಕಾ (ರವಿಕೆ), ನೆಲದಿಂದ ನಾಲ್ಕು ಬೆರಳು ಮೇಲಿರುವ ಪರಕಾರ ಸಾಕು. ಗಂಡುಮಕ್ಕಳಿಗೆ ಧೋತರದ ಬದಲು ಬಿಳಿ ಪಾಯಜಾಮ, ತಲೆಗೆ ಹೊಲಿದ ಪಟಗ.

ಕೈಯನ್ನೇ ಅಲುಗಿಸದ ಮಕ್ಕಳಿರುತ್ತಾರೆ. ಅಂಥವರನ್ನು ತೆಗೆದುಹಾಕಿ ಎಂದು ಸಲಹೆ ಕೊಡುವವರೂ ಇರುತ್ತಾರೆ. ಕಳೆದ ಸಂಕ್ರಾಂತಿಯಲ್ಲಿ ಒಬ್ಬ ಹುಡುಗ ಹತ್ತು ದಿನವೂ ತನ್ನ ಚುಕ್ಕಿಯ ಮೇಲೆ ಸುಮ್ಮನೆ ನಿಂತೇ ಇದ್ದ. ಸಾಲು ಹಿಂದೆ ಹೋಗುವಾಗ ಮಾತ್ರ ತಪ್ಪದೆ ಹೋಗಿ ತನ್ನ ಜಾಗದಲ್ಲಿ ನಿಲ್ಲುತ್ತಿದ್ದ. ನಾನು ಅವನಿಗೆ ಏನೂ ಹೇಳಲಿಲ್ಲ. ಕಾರ್ಯಕ್ರಮದಲ್ಲಿಯೂ ಹಾಗೆಯೇ ನಿಂತ. ಆಮೇಲೆ ಅವನ ತಾಯಿ, “ಮನ್ಯಾಗ ದಿನಾ ಸಂಜೀಕ ನಮ್ಮತ್ತಿಗೆ ಪೂರಾ ಕುಣದ ತೋರಸ್ತಾನ್ರೀ ಅಕ್ಕೋರ, ಅವ್ರಿಗೂ ಕಲಿಸ್ಯಾನ,” ಎಂದರು. ಈ ವರ್ಷದ ರಾಜ್ಯೋತ್ಸವಕ್ಕೂ ಅವನ ಹೆಸರನ್ನು ಬರೆದುಕೊಂಡಿದ್ದೇನೆ.

ಕಡೆಯದಾಗಿ, ಹೊರಗೆ ಹೋಗುವುದನ್ನು ಕಲಿಸಲು ಹೆಚ್ಚಿನವರು ಮರೆಯುತ್ತಾರೆ. ಹಾಡು ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ಮಕ್ಕಳು ಚಪ್ಪಾಳೆಯ ನಡುವೆ ಕಂಗಾಲಾಗಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಆದ್ದರಿಂದ ನಾನು ಕೊನೆಯ ನಾಲ್ಕು ಎಂಟುಗಳನ್ನೇ ಎಲ್ಲಕ್ಕಿಂತ ಮೊದಲು, ಮೊದಲ ದಿನವೇ ಕಲಿಸುತ್ತೇನೆ. ಮುಂದಿನ ಸಾಲಿನ ತುದಿಯ ಮಗು ಉಣ್ಣುವ ಕೈಯ ಕಡೆಗೆ ಹೊರಳುತ್ತದೆ, ಪ್ರತಿ ಮಗುವೂ ಮುಂದಿನವರ ಹೆಗಲ ಮೇಲೆ ಕೈಯಿಟ್ಟುಕೊಳ್ಳುತ್ತದೆ, ತಕಧಿಮಿ ತಕಜಣು ಎಂದು ತಾವೇ ಹೇಳಿಕೊಳ್ಳುತ್ತ ಪರದೆಯ ಹಿಂದೆ ಬರುತ್ತಾರೆ. ಅಲ್ಲಿ ನಾನು ಎಲ್ಲರಿಗೂ ಕಾಣುವಂತೆ ನೀರಿನ ಕೊಡದ ಪಕ್ಕದಲ್ಲಿ ನಿಂತಿರುತ್ತೇನೆ, ಹದಿನೆಂಟು ತಲೆಗಳನ್ನು ಮುಟ್ಟಿ ಎಣಿಸಿದ ಮೇಲೆಯೇ ಅವರನ್ನು ತಾಯಂದಿರ ಹತ್ತಿರ ಬಿಡುತ್ತೇನೆ.