ಊಹೆಯನ್ನು ಮುರಿದು ನೋಡುವ ಆಟ

ಮಕ್ಕಳಿಗೆ ವಿಮರ್ಶಾತ್ಮಕ ಚಿಂತನೆ ಬರಬೇಕಾದರೆ ಪ್ರಶ್ನೆ ಕೇಳಲು ಬಿಟ್ಟರೆ ಸಾಕು ಎಂದು ಅನೇಕ ಪಾಲಕರು ನಂಬಿದ್ದಾರೆ. ಅಷ್ಟು ಸಾಲದು. ಪ್ರಶ್ನೆಯನ್ನು ಮಕ್ಕಳು ಹೇಗೂ ಕೇಳುತ್ತಾರೆ. ಕಷ್ಟವಾಗುವುದು ತಮ್ಮದೇ ಊಹೆ ಸುಳ್ಳಿರಬಹುದೇ ಎಂದು ಹುಡುಕುವುದು. ದೊಡ್ಡವರಿಗೂ ಅದೇ ಕಷ್ಟ.

ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಹೇಳಿಮಾಡಿಸಿದ ಆಟ. ಎಂಟು ವರ್ಷ ದಾಟಿದವರೊಂದಿಗೆ ಆಡಬಹುದು. ‘ಸಂಖ್ಯೆಗಳು ಏರುತ್ತಾ ಹೋಗಬೇಕು’ ಎಂದು ಚೀಟಿಯಲ್ಲಿ ಬರೆದು ಮಡಚಿಡಿ. ‘2, 4, 6 ನನ್ನ ನಿಯಮಕ್ಕೆ ಹೊಂದುತ್ತೆ. ನೀನು ಬೇರೆ ಮೂರು ಸಂಖ್ಯೆ ಹೇಳು. ಹೊಂದುತ್ತೋ ಇಲ್ಲವೋ ಹೇಳ್ತೀನಿ. ನಿಯಮ ಏನೂಂತ ಖಾತ್ರಿಯಾದ ಮೇಲೆ ಹೇಳು’ ಎನ್ನಿ. ಕೇಳಿದ್ದನ್ನೆಲ್ಲ ಮಗು ಬರೆದಿಟ್ಟುಕೊಳ್ಳಲಿ.

8, 10, 12? ಹೌದು. 20, 22, 24? ಹೌದು. ‘ಎರಡೆರಡು ಕೂಡಿಸ್ಬೇಕು!’ ತಪ್ಪು. ಎಷ್ಟು ‘ಹೌದು’ ಸಿಕ್ಕರೂ ಊಹೆ ಪರೀಕ್ಷೆಗೆ ಒಳಗಾಗಿರಲೇ ಇಲ್ಲ. ಇಲ್ಲಿ ಚೀಟಿ ಬಿಚ್ಚಿಬಿಟ್ಟರೆ ಆಟ ಕೆಟ್ಟಿತು. ‘ನಿನ್ನ ಊಹೆಗೆ ಹೊಂದದ ಸಂಖ್ಯೆ ಯಾವುದು? ಅದನ್ನೇ ಕೇಳಿ ನೋಡು’ ಎಂದು ಸುಮ್ಮನಾಗಿ. ಕನಿಷ್ಠ ಮೂರು ಸೆಕೆಂಡು ಕಾಯಿರಿ. ನಾವು ಸಾಮಾನ್ಯವಾಗಿ ಒಂದೇ ಸೆಕೆಂಡಿಗೆ ಬಾಯಿ ಹಾಕುತ್ತೇವೆ. 1, 2, 3ಕ್ಕೆ ‘ಹೌದು’ ಬಂದಾಗ ಊಹೆ ಮುರಿಯುತ್ತದೆ. 6, 4, 2ಕ್ಕೆ ‘ಇಲ್ಲ’ ಬಂದಾಗ ನಿಯಮದ ಗಡಿ ಕಾಣುತ್ತದೆ. ಮುಂದಿನ ಸಲ ‘ಮೂರೂ ಸಮಸಂಖ್ಯೆ’ ಅಥವಾ ‘ಮೊದಲೆರಡನ್ನು ಕೂಡಿದರೆ ಮೂರನೆಯದು’ ಎಂದು ಬರೆಯಿರಿ. ಆರಂಭ ಅದೇ 2, 4, 6. ಹಾಗಾಗಿ ಹಳೆಯ ಉತ್ತರದ ಬಾಯಿಪಾಠ ನಡೆಯುವುದಿಲ್ಲ.

ಆಮೇಲೆ ಕೈಗೆ ಸಿಗುವ ವಿಷಯಕ್ಕೆ ಬನ್ನಿ. ಬೀಜ ಮೊಳೆಯಲು ಬೆಳಕು ಬೇಕೇ? ಬಹಳ ಮಕ್ಕಳು ಬೇಕೇ ಬೇಕು ಎನ್ನುತ್ತಾರೆ. ಎರಡು ಲೋಟಗಳಲ್ಲಿ ಒಂದೇ ಮಣ್ಣು, ಐದೈದು ಬೀನ್ಸ್ ಬೀಜ, ಅಳೆದು ಅಷ್ಟೇ ನೀರು. ಒಂದಕ್ಕೆ ಮಾತ್ರ ಡಬ್ಬಿ ಮುಚ್ಚಿ ಪಕ್ಕದಲ್ಲೇ ಇಡಿ. ಒಂದೊಂದೇ ಬೀಜ ಹಾಕಬೇಡಿ. ಅದು ಜೊಳ್ಳಾಗಿದ್ದರೆ ತಪ್ಪು ತೀರ್ಮಾನಕ್ಕೆ ದಾರಿ. ತೆರೆದ ಲೋಟ ಬೇಗ ಒಣಗುತ್ತದೆ, ಆದ್ದರಿಂದ ದಿನವೂ ಬೆರಳಿಟ್ಟು ತೇವ ನೋಡಿ, ಎರಡನ್ನೂ ಸಮ ಮಾಡಿ. ಏನಾಗಬಹುದೆಂದು ಮಗು ಮೊದಲೇ ಬರೆದು ದಿನಾಂಕ ಹಾಕಬೇಕು. ಇದನ್ನು ಬಿಟ್ಟರೆ ಕೊನೆಗೆ ‘ನಂಗೊತ್ತಿತ್ತು’ ಎಂಬ ಮಾತೇ ಉಳಿಯುವುದು.

ಕತ್ತಲಲ್ಲೂ ಮೊಳಕೆ ಬರುತ್ತದೆ, ಆದರೆ ಬಿಳಿಚಿಕೊಂಡು, ಉದ್ದುದ್ದ. ಏಕೆಂದು ನೀವು ಹೇಳಬೇಡಿ. ಡಬ್ಬಿ ತೆಗೆದರೆ ಏನಾಗುತ್ತದೆ ಎಂಬ ಮುಂದಿನ ಊಹೆಯನ್ನು ಅದೇ ಹಾಳೆಯಲ್ಲಿ ಬರೆಸಿ.